ಎಣಿಸದೆ ಬರೆದ ಇಪ್ಪತ್ತು

ಹೋದ ತಿಂಗಳು ಅಕ್ಕ ರಿಟೈರ್ ಆದರು. ತುಮಕೂರಿನ ಶಿರಾ ಗೇಟ್ ಹತ್ತಿರವಿರುವ ನಮ್ಮ ಹಳೆಯ ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾನೀಗ ಕುಣಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಒಂದು ದಿನ ರಜೆ ಹಾಕಿ ಬೆಳಗಿನ ಬಸ್ಸಿಗೇ ಹೋದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಆಡಳಿತದವರೊಬ್ಬರು ಮೈಕು ಹಿಡಿದು, "ಇವರು ಒಂದು ದಿನವೂ ತಡವಾಗಿ ಬಂದವರಲ್ಲ, ಯಾರಿಗೂ ಎದುರು ಮಾತಾಡಿದವರಲ್ಲ" ಎಂದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ತಡವಾಗಿ ಬಂದಿದ್ದಾರೆ ಸ್ವಾಮಿ, ಸೋಮವಾರದ ಬಸ್ಸು ಕೈಕೊಟ್ಟಾಗಲೆಲ್ಲ ಬಂದಿದ್ದಾರೆ. ಎದುರು ಮಾತಾಡುವುದಂತೂ ಕೇಳಲೇಬೇಡಿ, ದೊಡ್ಡ ಡಾಕ್ಟರಿಗೇ "ಸಾರ್, ಮೊದ್ಲು ಕೈ ತೊಳ್ಕೊಂಡ್ ಬನ್ನಿ" ಅಂದ ಹೆಂಗಸು. ಮೂವತ್ತು ವರ್ಷ ಒಂದೇ ವಾರ್ಡಿನಲ್ಲಿ ಬೆವರು ಸುರಿಸಿದವರ ಬಗ್ಗೆ ಹೇಳಲು ಇವರಿಗೆ ಸಿಕ್ಕಿದ್ದು ಹಾಜರಿ ಪುಸ್ತಕವೊಂದೇ.

ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಬರೆಯುವಂತಿಲ್ಲ. ಊಟದ ಹೊತ್ತಿನಲ್ಲಿ "ಅಕ್ಕ, ನಿಮ್ ಬಗ್ಗೆ ಬರೀತೀನಿ" ಅಂದಿದ್ದಕ್ಕೆ, ಹೋಳಿಗೆ ಮುರಿಯುತ್ತಲೇ, "ಬರ್ಕೊ ಹೋಗು. ಹೆಸ್ರು ಗಿಸ್ರು ಹಾಕಿದ್ಯೋ, ಕುಣಿಗಲ್‌ಗೇ ಬಂದು ಎಲ್ಲರ್ ಮುಂದೆ ಉಗೀತೀನಿ" ಅಂದರು. ಅಂದದ್ದನ್ನು ಮಾಡಿಬಿಡುವ ಜಾತಿ ಅವರದು. ಹಾಗಾಗಿ ಆಸ್ಪತ್ರೆಯ ದಾಖಲೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್, ರೋಗಿಗಳ ಬಾಯಲ್ಲಿ ಆಯಮ್ಮ, ನಮ್ಮಂಥ ಟ್ರೈನಿಂಗ್ ಹುಡುಗಿಯರಿಗೆ ಅಕ್ಕ. ಇಲ್ಲೂ ಅಕ್ಕ ಅಂತಲೇ ಇರಲಿ.

ನಾನು ಅವರ ಕೈಗೆ ಸಿಕ್ಕಿದ್ದು ಪಿಯುಸಿ ಮುಗಿಸಿದ ವರ್ಷ. ನಮ್ಮದು ಗುಬ್ಬಿ. ಅಪ್ಪ ದಿನಾ ಮೊಪೆಡ್ಡಿನಲ್ಲಿ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಲೇತ್ ಕೆಲಸಕ್ಕೆ ಹೋಗಿಬರುತ್ತಿದ್ದರು. ನನಗೆ ನರ್ಸಿಂಗ್ ಓದುವ ಆಸೆ. ಕಾಲೇಜಿನಲ್ಲಿ ಫೀಸು ವಿಚಾರಿಸಿಕೊಂಡು ಬಂದ ದಿನವೇ ಅದು ನಮ್ಮ ಕೈಗೆಟುಕುವುದಲ್ಲ ಎಂದು ಗೊತ್ತಾಯಿತು. ಆಮೇಲೆ ಯಾರೋ ಹೇಳಿದರು, ತುಮಕೂರಿನ ಈ ಆಸ್ಪತ್ರೆಯಲ್ಲಿ ಆರು ತಿಂಗಳ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಇದೆ, ಕಲಿಯುವಾಗಲೇ ಸಂಬಳ ಕೊಡುತ್ತಾರೆ, ಒಳ್ಳೆಯ ರಿಪೋರ್ಟ್ ತೆಗೆದುಕೊಂಡವರನ್ನು ಅವರದೇ ನರ್ಸಿಂಗ್ ಶಾಲೆಗೆ ಫೀಸಿಲ್ಲದೆ ಸೇರಿಸಿಕೊಳ್ಳುತ್ತಾರೆ ಎಂದು. ಅಪ್ಪನಿಗೆ ನಂಬಿಕೆ ಬರಲಿಲ್ಲ. "ಕಲಿಯೋರು ದುಡ್ಡು ಕೊಡೋದ್ ನೋಡಿದೀನಿ. ಕಲಿಯೋರ್ಗೇ ದುಡ್ಡು ಕೊಡ್ತಾರೆ ಅಂದ್ರೆ ಏನೋ ಗೋಲ್‌ಮಾಲ್ ಇದೆ ಕಣಮ್ಮ" ಅಂದರು. ನಾನು ಹಟ ಹಿಡಿದು ಸೇರಿದೆ.

ಆ ರಿಪೋರ್ಟಿಗೆ ಸಹಿ ಹಾಕುತ್ತಿದ್ದವರು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ. ಆದರೆ ಸಹಿ ಹಾಕುವ ಮುಂಚೆ ಅವರು ಕೇಳುತ್ತಿದ್ದುದು ಒಬ್ಬರನ್ನೇ, ಅಕ್ಕನನ್ನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಕ್ಕನನ್ನು. ಅವರು "ಆಗ್ಬೋದು ಮೇಡಂ" ಅಂದರೆ ಆಯಿತು, "ಇನ್ನೂ ಸ್ವಲ್ಪ ದಿನ ಹೋಗ್ಲಿ" ಅಂದರೆ ಇಲ್ಲ. ನರ್ಸ್ ಆಗಲು ತಮಗೆ ಎಂದೂ ಸಾಧ್ಯವಿಲ್ಲದ ಒಬ್ಬ ಹೆಂಗಸು ಯಾರು ನರ್ಸ್ ಆಗಬಹುದೆಂದು ತೀರ್ಮಾನಿಸುತ್ತಿದ್ದರು. ಇದು ವಿಚಿತ್ರ ಎಂದು ಆಗ ನನಗೆ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ.

ಗಿಡ್ಡ ಆಳು. ಹಣೆ ತುಂಬ ವಿಭೂತಿ. ನೀಲಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ನಡೆದರೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಹತ್ತು ಹೆಜ್ಜೆ. ಕುಣಿಗಲ್ ತಾಲ್ಲೂಕಿನ ಹಳ್ಳಿಯವರು. ಅತ್ತೆಯನ್ನು ಇದೇ ಆಸ್ಪತ್ರೆಗೆ ಸೇರಿಸಿದ್ದಾಗ ಅಕ್ಕಪಕ್ಕದ ಮಂಚದವರನ್ನೂ ನೋಡಿಕೊಳ್ಳುತ್ತಿದ್ದರಂತೆ, ಅದನ್ನು ಕಂಡು ಆಗಿನ ಮೇಟ್ರನ್ ಕೆಲಸ ಕೊಟ್ಟರಂತೆ. ಅತ್ತೆ ಗುಣವಾಗಿ ಊರಿಗೆ ಹೋದರು, ಸೊಸೆ ಇಲ್ಲೇ ಉಳಿದರು. ಸದಾಶಿವನಗರದಲ್ಲಿ ಒಂದು ರೂಮು, ವಾರಕ್ಕೊಮ್ಮೆ ಊರು. ಬೆಳಿಗ್ಗೆ ಲಿಂಗಪೂಜೆಯಾಗದೆ ಒಂದು ತೊಟ್ಟು ಕಾಫಿ ಮುಟ್ಟುತ್ತಿರಲಿಲ್ಲ. ಪೂಜೆ ಮಾಡಿ ಬಂದ ಅದೇ ಕೈಯಲ್ಲಿ ಬೆಡ್‌ಪ್ಯಾನ್ ಎತ್ತುವಾಗ ಮುಖ ಒಂಚೂರೂ ಕಿವುಚುತ್ತಿರಲಿಲ್ಲ. ನನ್ನ ಜೊತೆಯ ಹುಡುಗಿಯೊಬ್ಬಳು ಒಮ್ಮೆ ಮೂಗು ಮುಚ್ಚಿಕೊಂಡಿದ್ದಕ್ಕೆ, "ಏನೇ, ನೀನೇನ್ ಮಲ್ಲಿಗೆ ಹೂ ಬಿಡ್ತೀಯಾ?" ಅಂತ ಎಲ್ಲರ ಮುಂದೆ ಕೇಳಿಬಿಟ್ಟರು. ಆ ವಾರ್ಡಿನಲ್ಲಿ ಮತ್ತೆಂದೂ ಯಾರೂ ಮೂಗು ಮುಚ್ಚಲಿಲ್ಲ.

ನಮ್ಮ ಹೆಸರುಗಳು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಊರು ನಿಲ್ಲುತ್ತಿತ್ತು. ಒಬ್ಬಳು ಮಧುಗಿರಿ, ಒಬ್ಬಳು ಕೊರಟಗೆರೆ, ನಾನು ಗುಬ್ಬಿ. ಮೊದಲ ದಿನ ನಾನು ಹೊಸ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು ಹಿಡಿದುಕೊಂಡು ಹೋಗಿದ್ದೆ. "ಬುಕ್ ಆಮೇಲೆ. ಗುಬ್ಬಿ, ಹೋಗ್ ಆ ಮಂಚದ ಮೇಲೆ ಮಲ್ಕೊ" ಅಂದರು. ಖಾಲಿ ಮಂಚ. ಮಲಗಿದೆ. ಮೂರು ಗಂಟೆ ಹೊತ್ತು ನಾನು ರೋಗಿ, ಉಳಿದವರು ಸೇವೆ ಮಾಡುವವರು. ಕಾಲು ಅಲ್ಲಾಡಿಸುವಂತಿಲ್ಲ, ಕೈಯೆತ್ತುವಂತಿಲ್ಲ. ಕೊರಟಗೆರೆಯವಳು ನಿಂತುಕೊಂಡೇ ಗಂಜಿ ಕುಡಿಸಲು ಬಂದಳು. "ಅವಳೇನ್ ಕರೂನಾ, ನಿಂತ್ಕೊಂಡ್ ಕುಡ್ಸೋಕೆ? ಕೂತ್ಕೊ. ನಿನ್ ಮುಖ ಅವಳಿಗೆ ಕಾಣ್ಬೇಕು" ಅಂತ ಬೈದು ಕೂರಿಸಿದರು. ಹೇಳದೆ ಕೇಳದೆ ನನ್ನನ್ನು ಮಗ್ಗುಲಿಗೆ ಹೊರಳಿಸಿ ಹಾಸಿಗೆ ಬಟ್ಟೆ ಬದಲಾಯಿಸಿದಾಗ ಬಿದ್ದೇ ಹೋದೆ ಅನ್ನಿಸಿ ಮಂಚದ ಕಂಬಿ ಹಿಡಿದುಕೊಂಡೆ. ಒದ್ದೆ ಬಟ್ಟೆ ಬೆನ್ನಿಗೆ ತಾಗಿದಾಗ ಚೀರಿದೆ.

"ಹೆಂಗಿತ್ತು?" ಅಂದರು.

"ತಣ್ಣಗಿತ್ತು ಅಕ್ಕ. ಭಯಾನೂ ಆಯ್ತು."

"ಅಷ್ಟೇ ಕಣೆ ಪಾಠ. ಎದ್ದು ಕಾಫಿ ಕುಡಿ."

ಇವತ್ತಿಗೂ ರೋಗಿಯನ್ನು ಮುಟ್ಟುವ ಮೊದಲು ನಾನು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ನನ್ನ ಜೊತೆಯವರು ಅದನ್ನು ನೋಡಿ ನಗುತ್ತಾರೆ. ನಗಲಿ.

ಎರಡನೇ ವಾರ ಅಪ್ಪ ತನಿಖೆಗೆ ಬಂದರು. ಗೋಲ್‌ಮಾಲ್ ಕಂಡುಹಿಡಿಯಲೆಂದೇ ಅರ್ಧ ದಿನ ರಜೆ ಹಾಕಿ ವಾರ್ಡಿನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಅಕ್ಕ "ಯಾರ್ ಬೇಕಣ್ಣ?" ಅಂದರು. "ನನ್ ಮಗ್ಳು ಇಲ್ಲಿ ಟ್ರೈನಿಂಗು. ಏನ್ ಕಲಿಸ್ತೀರಾ ನೋಡೋಣ ಅಂತ ಬಂದೆ" ಅಂದರು ಅಪ್ಪ. ಬೇರೆ ಯಾರೇ ಆಗಿದ್ದರೂ ಸಂಜೆ ಬನ್ನಿ ಅಂತ ಸಾಗಹಾಕುತ್ತಿದ್ದರು. ಅಕ್ಕ, "ಸರಿಯಾದ್ ಟೈಮಿಗೇ ಬಂದ್ರಿ. ಕೈ ತೊಳ್ಕೊಂಡ್ ಬಂದು ಒಂದ್ ಕೈ ಹಾಕಿ" ಅಂದು ದಪ್ಪ ಮೈಯ ರೋಗಿಯೊಬ್ಬರನ್ನು ಗಾಲಿಕುರ್ಚಿಗೆ ಕೂರಿಸಲು ಕರೆದರು. ಕಬ್ಬಿಣ ಎತ್ತಿ ಪಳಗಿದ ತೋಳು ಅಪ್ಪನದು. ಅನಾಮತ್ತಾಗಿ ಎತ್ತಿ ದೊಪ್ಪನೆ ಕೂರಿಸಿದರು. ಆ ರೋಗಿ "ಅಯ್ಯಪ್ಪಾ" ಅಂತ ನರಳಿದರು. "ಎತ್ತೋದು ಎಲ್ರಿಗೂ ಬರುತ್ತೆ ಅಣ್ಣ, ಇಳಿಸೋದ್ ಕಲೀಬೇಕು. ಗುಬ್ಬಿ, ನಿಮ್ಮಪ್ಪಂಗೆ ತೋರ್ಸೆ" ಅಂದರು ಅಕ್ಕ.

ಅರ್ಧ ಗಂಟೆಯಾದ ಮೇಲೆ ಅದೇ ರೋಗಿಯನ್ನು ಮಂಚಕ್ಕೆ ಮಲಗಿಸಿದ್ದು ನಾನು ಮತ್ತು ಮಧುಗಿರಿ ಹುಡುಗಿ. ಮಂಡಿ ಬಗ್ಗಿಸಿ, ಬೆನ್ನಿನ ಹಿಂದೆ ಕೈಯಿಟ್ಟು, ಒಂದು ಎರಡು ಮೂರು ಅಂತ ಅವರಿಗೂ ಕೇಳುವಂತೆ ಹೇಳಿ, ನಿಧಾನಕ್ಕೆ ಇಳಿಸಿದೆವು. ಆತ ಚಕಾರ ಎತ್ತಲಿಲ್ಲ. ಅಪ್ಪ ಬಾಗಿಲ ಬಳಿ ನಿಂತು ನೋಡಿದರು. ಅವತ್ತು ಸಂಜೆ ಗುಬ್ಬಿಯಲ್ಲಿ ಬೀದಿಯವರಿಗೆಲ್ಲ, "ನನ್ ಮಗ್ಳು ತನಗಿಂತ ಎರಡರಷ್ಟು ತೂಕದೋರ್ನ ಹೂವಿನಂಗೆ ಇಳಿಸ್ತಾಳೆ ಕಣ್ರಯ್ಯ" ಅಂತ ಹೇಳಿಕೊಂಡು ತಿರುಗಾಡಿದರಂತೆ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯದೆ ಅಕ್ಕನ ಬಗ್ಗೆ ಬರೆದರೆ ಆ ಭಾಷಣದವರಿಗೂ ನನಗೂ ವ್ಯತ್ಯಾಸವಿರುವುದಿಲ್ಲ.

ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಪ್ರತಿ ರೋಗಿಯ ಚಾರ್ಟಿನಲ್ಲಿ ನಾಲ್ಕು ಅಂಕಿ ತುಂಬಬೇಕು. ಜ್ವರ, ಬಿಪಿ, ನಾಡಿ, ಉಸಿರು. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಮೆಷಿನ್ ಇದೆ, ನಾಡಿಗೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿದೆ. ಉಸಿರಿಗೆ ಮಾತ್ರ ನಮ್ಮ ವಾರ್ಡಿನಲ್ಲಿ ಯಾವ ಮೆಷಿನ್ನೂ ಇರಲಿಲ್ಲ. ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ನಿಂತು ಎಣಿಸಬೇಕು. ಅಕ್ಕ ಅದಕ್ಕೊಂದು ರೀತಿ ಹೇಳಿಕೊಟ್ಟಿದ್ದರು. "ಉಸಿರು ಎಣಿಸ್ತೀನಿ ಅಂತ ಹೇಳ್ಬೇಡ. ಹೇಳಿದ್ರೆ ಅವ್ರು ಉಸಿರನ್ನೇ ನೆನೆಸ್ಕೊಂಡು ಹೆಂಗ್‌ಹೆಂಗೋ ಬಿಡ್ತಾರೆ. ಕೈ ಹಿಡ್ಕೊಂಡು ಸುಮ್ನೆ ನಿಂತ್ಕೊ, ನಾಡಿ ನೋಡ್ತಾವ್ಳೆ ಅನ್ಕೋತಾರೆ. ನೀನು ಹೊದಿಕೆ ಅಂಚು ನೋಡ್ತಾ ಎಣ್ಸು" ಅನ್ನುತ್ತಿದ್ದರು.

ಮೊದಲು ಹಾಗೇ ಎಣಿಸುತ್ತಿದ್ದೆ. ಆಮೇಲೆ ವಾರ್ಡಿನ ಹಳಬರ ವಿದ್ಯೆ ಕಲಿತೆ. ಹನ್ನೆರಡು ಮಂಚ, ಹನ್ನೆರಡು ನಿಮಿಷ, ಅಷ್ಟರಲ್ಲಿ ಡಾಕ್ಟರು ರೌಂಡ್ಸಿಗೆ ಬಂದೇಬಿಡುತ್ತಾರೆ. ಹಾಗಾಗಿ ಹಿಂದಿನ ದಿನದ ಅಂಕಿ ನೋಡಿ ಅದನ್ನೇ ಇಳಿಸುವುದು. ಎಲ್ಲರಿಗೂ ಇಪ್ಪತ್ತು. ನಿಜವಾಗಿ ಎಣಿಸಿದಂತೆ ಕಾಣಲಿ ಎಂದು ಮಧ್ಯೆ ಮಧ್ಯೆ ಒಂದು ಹದಿನೆಂಟು. ಈ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಈಗ ತಲೆ ತಗ್ಗಿಸಿರುತ್ತಾರೆ, ನನಗೆ ಗೊತ್ತು.

ತರಬೇತಿ ಮುಗಿಯಲು ಮೂರು ವಾರವಿತ್ತು. ಐದನೇ ಮಂಚದಲ್ಲಿ ಕುಣಿಗಲ್ ಕಡೆಯ ಒಬ್ಬ ತಾತ, ಹರ್ನಿಯಾ ಆಪರೇಷನ್ ಆಗಿ ಎರಡು ದಿನ. ಜ್ವರವಿಲ್ಲ, ಬಿಪಿ ಸರಿಯಿದೆ, ಕ್ಲಿಪ್ಪಿನ ಅಂಕಿಯೂ ಗಾಬರಿಪಡುವಂಥದ್ದಲ್ಲ. ಉಸಿರು ಇಪ್ಪತ್ತು ಎಂದು ಬರೆದು ಆರನೇ ಮಂಚಕ್ಕೆ ಹೋದೆ. ಬಿಸಿನೀರಿನ ಫ್ಲಾಸ್ಕ್ ಹಿಡಿದು ಹಾದು ಹೋಗುತ್ತಿದ್ದ ಅಕ್ಕ ಐದನೇ ಮಂಚದ ಹತ್ತಿರ ನಿಂತುಬಿಟ್ಟರು. ಫ್ಲಾಸ್ಕ್ ಕೆಳಗಿಟ್ಟರು. ತಾತನ ಕೈ ಹಿಡಿದರು. ಒಂದು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡಾಕ್ಟರು ಬಂದು ಸ್ಟೆತಾಸ್ಕೋಪ್ ಇಟ್ಟು, ತಕ್ಷಣ ಐಸಿಯುಗೆ ಸಾಗಿಸಿದರು. ಶ್ವಾಸಕೋಶಕ್ಕೆ ಸೋಂಕು ಇಳಿದಿತ್ತು. ನಿಮಿಷಕ್ಕೆ ಮೂವತ್ತಾರು ಸಲ ಉಸಿರಾಡುತ್ತಿದ್ದ ಮನುಷ್ಯನ ಮುಂದೆ ನಿಂತು ನಾನು ಇಪ್ಪತ್ತು ಎಂದು ಬರೆದಿದ್ದೆ. ಮೈಯಲ್ಲಿ ಮೊದಲು ಏರುಪೇರಾಗುವುದು ಬಹಳ ಸಲ ಉಸಿರೇ ಎಂದು ಆಮೇಲೆ ನರ್ಸಿಂಗ್ ಶಾಲೆಯ ಪುಸ್ತಕದಲ್ಲಿ ಓದಿದೆ. ಅಕ್ಕ ಯಾವ ಪುಸ್ತಕವನ್ನೂ ಓದಿರಲಿಲ್ಲ.

ಬಟ್ಟೆ ಜೋಡಿಸಿಡುವ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆಳೆದರು.

"ಎಣ್ಸಿದ್ಯಾ?"

ನಾನು ನೆಲ ನೋಡಿದೆ.

"ಎಣ್ಸಿದ್ಯಾ ಅಂತ ಕೇಳ್ದೆ."

"ಇಲ್ಲ ಅಕ್ಕ."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೇ ಚೆನ್ನಾಗಿತ್ತು. "ಹೋಗ್ ಮೇಡಂಗೆ ಹೇಳು" ಅಂದರು.

"ಹೇಳಿದ್ರೆ ಸೀಟು ಹೋಗುತ್ತೆ ಅಕ್ಕ. ದಮ್ಮಯ್ಯ, ನಿಮಗ್ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ನನಗ್ ಗೊತ್ತು, ನಿನಗ್ ಗೊತ್ತು. ಇನ್ನೆಷ್ಟ್ ಜನಕ್ ಗೊತ್ತಾಗ್ಬೇಕು?" ಅಂದರು. ಆಮೇಲೆ ದನಿ ಇಳಿಸಿ, "ನೋಡು ಗುಬ್ಬಿ, ನಾನ್ ಹೋಗಿ ಚಾಡಿ ಹೇಳಲ್ಲ. ನಾಳೆ ನೀನು ಸಿಸ್ಟರ್ ಆಗ್ತೀಯ, ಕೈಯಲ್ಲಿ ಇಂಜೆಕ್ಷನ್ ಇರುತ್ತೆ. ಅವಾಗ್ಲೂ ತಪ್ಪಾಗುತ್ತೆ, ಯಾರಿಗಾಗಲ್ಲ? ತಕ್ಷಣ ಬಾಯ್ಬಿಟ್ರೆ ಜೀವ ಉಳಿಯುತ್ತೆ, ಮುಚ್ಕೊಂಡ್ರೆ ಹೋಗುತ್ತೆ. ಇವತ್ತು ಸೀಟಿಗೆ ಹೆದರಿ ಮುಚ್ಕೊಂಡೋಳು ಅವತ್ತು ಕೆಲಸಕ್ಕೆ ಹೆದರಿ ಮುಚ್ಕೋತೀಯ. ಅಂಥೋಳ್ನ ನಾನು ಆಗ್ಬೋದು ಅಂತ ಹೆಂಗೆ ಕಳಿಸ್ಲಿ?" ಅಂದರು.

ಮೇಡಂ ರೂಮಿಗೆ ಹೋದೆ. ಹೇಳಿದೆ. ಅರ್ಧ ಮಾತು ಅಳುವಿನಲ್ಲೇ ಹೋಯಿತು. ಮೇಡಂ ಚಾರ್ಟ್ ತರಿಸಿ ನೋಡಿದರು. "ಈ ವರ್ಷ ನಿನ್ನ ಹೆಸರು ಕಳಿಸಲ್ಲ" ಅಂದರು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ. "ಮೇಡಂ, ಕಲಿಸ್ದೋಳು ನಾನು. ಬೆನ್ನ ಹಿಂದೆ ಏನ್ ಬರೀತಾಳೆ ಅಂತ ನೋಡ್ದೇ ಇದ್ದಿದ್ದು ನನ್ ತಪ್ಪು. ಇವಳ್ನ ಮನೆಗೆ ಮಾತ್ರ ಕಳಿಸ್ಬೇಡಿ. ಇನ್ನೊಂದ್ ವರ್ಷ ಅಸಿಸ್ಟೆಂಟಾಗಿ ನನ್ ಜೊತೆ ಇರ್ಲಿ. ಬರೋ ವರ್ಷ ನಾನೇ ಕರ್ಕೊಂಡ್ ಬರ್ತೀನಿ" ಅಂದರು. ಮೇಡಂ ಒಪ್ಪಿದರು.

ಒಪ್ಪಿದರೆ ನನಗೇನು ಬಂತು? ನನ್ನ ಜೊತೆಯವರಿಬ್ಬರೂ ನರ್ಸಿಂಗ್ ಶಾಲೆಗೆ ಹೋಗುವವರಿದ್ದರು. ಅವರೂ ಇಪ್ಪತ್ತು ಬರೆದವರೇ. ಗುಬ್ಬಿ ಬಸ್ಸಿನಲ್ಲಿ ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡು ಅತ್ತೆ. ಅಪ್ಪ ಮನೆಯಲ್ಲಿ ಕೂಗಾಡಿದರು. "ನಿನ್ನ ಯಾರಾದ್ರೂ ಕೇಳಿದ್ರಾ? ಬಾಯ್ ಮುಚ್ಕೊಂಡ್ ಇರೋಕಾಗ್ಲಿಲ್ವಾ?" ಆಮೇಲೆ ಮುದ್ದೆ ಮುರಿಯುತ್ತಾ ತಮ್ಮಷ್ಟಕ್ಕೆ ತಾವೇ ಅಂದರು: "ನಮ್ ವರ್ಕ್‌ಶಾಪಲ್ಲೂ ಅವ್ರೆ. ಅಳತೆ ತಗೀದೇನೇ ತಗ್ದೆ ಅಂತ ಬರೆಯೋರು. ಆ ಪೀಸು ಎಲ್ಲೋ ಹೋಗಿ ಮುರಿಯುತ್ತೆ." ಆಮೇಲೆ ಈ ವಿಷಯ ಎತ್ತಲಿಲ್ಲ.

ಅಕ್ಕನ ಜೊತೆ ಮೂರು ದಿನ ಮಾತು ಬಿಟ್ಟೆ. ಅವರು ಸಮಾಧಾನ ಮಾಡಲೂ ಇಲ್ಲ, ನನ್ನ ಮುನಿಸಿಗೆ ಸೊಪ್ಪು ಹಾಕಲೂ ಇಲ್ಲ. ನಾಲ್ಕನೇ ದಿನ ತಾತ ಐಸಿಯುನಿಂದ ವಾಪಸ್ಸು ಬಂದರು. "ಇವರಿಗೂ ಹೇಳ್ಬೇಕಲ್ವಾ?" ಅಂದರು ಅಕ್ಕ. ಅಯ್ಯೋ ಶಿವನೇ ಅನ್ನಿಸಿತು. ಹೋಗಿ ಹೇಳಿದೆ. "ತಾತ, ಅವತ್ತು ನಾನು ನಿಮ್ ಉಸಿರು ಎಣಿಸ್ದೇನೇ ಬರ್ಕೊಂಡಿದ್ದೆ. ತಪ್ಪಾಯ್ತು."

ತಾತ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. "ಈಗ ಎಣ್ಸು ಮತ್ತೆ" ಅಂದು ಕೈ ಚಾಚಿದರು. ಎಣಿಸಿದೆ. ಹದಿನೆಂಟು. "ಸರಿಯಾಗೈತಾ?" ಅಂದರು. "ಸರಿಯಾಗಿದೆ ತಾತ." "ಹಂಗಾರೆ ಅಳೋದ್ಯಾಕ್ ಮಗ, ಬುಡು" ಅಂದು ಅತ್ತ ತಿರುಗಿ ಮಲಗಿದರು. ನಾನು ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಆ ಒಂದು ವರ್ಷ ಅಕ್ಕ ನನಗೆ ಕಲಿಸಿದ್ದನ್ನು ಮುಂದೆ ಮೂರು ವರ್ಷದ ಕೋರ್ಸಿನಲ್ಲೂ ಯಾರೂ ಕಲಿಸಲಿಲ್ಲ. ಮಾತಾಡಲಾರದ ರೋಗಿಗೆ ನೋವಿದೆಯೆಂದು ಕಾಲಿನ ಬೆರಳು ನೋಡಿ ತಿಳಿಯುವುದು. ಸಾಯುತ್ತಿರುವವರ ಕಿವಿಯಲ್ಲಿ ಸುಳ್ಳು ಹೇಳದೆ ಧೈರ್ಯ ಹೇಳುವುದು. ಹಟ ಮಾಡುವ ಅಜ್ಜಿಗೆ ಮಾತ್ರೆ ನುಂಗಿಸುವುದು. "ನೀವ್ ನುಂಗಿದ್ರೆ ಮಾತ್ರ ನನಗೆ ಊಟ ಅವ್ವ" ಅಂತ ಅವರು ಮುಖ ಸಪ್ಪಗೆ ಮಾಡಿಕೊಂಡರೆ ಎಂಥ ಅಜ್ಜಿಯೂ ಬಾಯಿ ತೆರೆಯುತ್ತಿದ್ದರು. ದಿನಾ ನನ್ನ ಚಾರ್ಟಿನಿಂದ ಯಾವುದೋ ಒಂದು ಮಂಚ ಆರಿಸಿ ತಾವೇ ಹೋಗಿ ಮತ್ತೆ ಎಣಿಸುತ್ತಿದ್ದರು. ತಾಳೆಯಾದರೆ ಒಂದು ಮಾತೂ ಇಲ್ಲ. ವರ್ಷ ಪೂರ್ತಿ ಆ ಮೌನವೇ ನನಗೆ ಶಭಾಷ್‌ಗಿರಿ. ಮರುವರ್ಷ ಜೂನ್ ಹೊತ್ತಿಗೆ ಹೇಳಿದಂತೆಯೇ ನನ್ನ ರಟ್ಟೆ ಹಿಡಿದು ಮೇಡಂ ರೂಮಿಗೆ ಕರೆದುಕೊಂಡು ಹೋಗಿ, "ಆಗ್ಬೋದು ಮೇಡಂ" ಅಂದರು.

ನರ್ಸಿಂಗ್ ಶಾಲೆ ಸೇರಿ ಕೆಲವು ತಿಂಗಳಿಗೆ ನನ್ನನ್ನು ಅದೇ ವಾರ್ಡಿಗೆ ಹಾಕಿದರು. ಬೆಳಿಗ್ಗೆ ಎಂಟು ಗಂಟೆ, ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮು. ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ, ಬಿಳಿ ಬಟ್ಟೆಯವರು ವಾರ್ಡಿಗೆ ಬಂದರೆ ನೀಲಿ ಸೀರೆಯವರು ಕೂತಲ್ಲಿಂದ ಏಳಬೇಕು. ಯಾರೂ ಬರೆದಿಟ್ಟ ರೂಲ್ಸಲ್ಲ, ನಡೆದುಕೊಂಡು ಬಂದಿದ್ದು. ಅಕ್ಕ ಐದನೇ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಹತ್ತಿ ಉಂಡೆ ಮಾಡುತ್ತಿದ್ದರು. ನನ್ನನ್ನು ನೋಡಿದರು. ಹತ್ತಿ ಪಕ್ಕಕ್ಕಿಟ್ಟು, ಮಂಚದ ಕಂಬಿ ಹಿಡಿದು, ಎದ್ದು ನಿಂತರು.

ಓಡಿ ಹೋಗಿ ತೋಳು ಹಿಡಿದೆ. "ಅಕ್ಕ, ಏನಕ್ಕ ಇದು, ದಮ್ಮಯ್ಯ, ಕೂತ್ಕೊಳ್ಳಿ."

"ಕೈ ಬಿಡು" ಅಂದರು. "ಎಷ್ಟ್ ಜನಕ್ಕೆ ಎದ್ದಿದೀನಿ ಗೊತ್ತಾ, ಏಳ್ಬೇಕಲ್ಲ ಅಂತ. ಇವತ್ತು ಏಳ್ಬೇಕು ಅನ್ನಿಸ್ತು, ಎದ್ದೆ. ಸುಮ್ನೆ ನಿಂತ್ಕೊ, ಕಣ್ತುಂಬ ನೋಡ್ಕೋತೀನಿ."

ಐದನೇ ಮಂಚದಲ್ಲಿ ಹಿಂದಿನ ದಿನ ಸೇರಿದ್ದ ಹೊಸ ರೋಗಿಯೊಬ್ಬರಿದ್ದರು. ಟ್ರೈನಿಂಗ್ ಹುಡುಗಿ ಕೈಗೆ ಸೂಜಿ ಕೊಡಬೇ​ಡಿ, ನನಗೆ ದೊಡ್ಡ ಸಿಸ್ಟರೇ ಬೇಕು ಅಂತ ಬೆಳಿಗ್ಗೆಯಿಂದ ರಗಳೆ ಮಾಡಿದ್ದರಂತೆ. ಅಕ್ಕ ಅವರ ಕಡೆ ತಿರುಗಿದರು.

"ಅಪ್ಪಾಜಿ, ಈ ಸಿಸ್ಟರ್ ನಮ್ ಹುಡ್ಗಿ. ಇವಳಿಂದ ತಪ್ಪಾದ್ರೆ ನೀವು ಕಂಡುಹಿಡೀಬೇಕಾಗಿಲ್ಲ, ಇವಳೇ ಬಂದು ಹೇಳ್ತಾಳೆ. ಧೈರ್ಯವಾಗಿ ಕೈ ಕೊಡಿ."

ಅವರು ಕೈ ಕೊಟ್ಟರು.